ಜಾಲಬಿರುಕು: ದೋಷವೋ ಅಲಂಕಾರವೋ?

ಭಾರತೀಯ ಶಾಸ್ತ್ರಗ್ರಂಥಗಳಲ್ಲಿ ಘಟದಷ್ಟು ಬಾರಿ ಬರುವ ದೃಷ್ಟಾಂತವು ಮತ್ತೊಂದಿರಲಾರದು. ತಾರ್ಕಿಕನು ಕಾರ್ಯಕಾರಣಭಾವವನ್ನು ತಿಳಿಸಬೇಕಾದರೆ ಕುಲಾಲನನ್ನೂ ಅವನ ದಂಡಚಕ್ರಗಳನ್ನೂ ಕರೆಯುತ್ತಾನೆ. ವೇದಾಂತಿಯು ಆತ್ಮನ ಅಖಂಡತ್ವವನ್ನು ಹೇಳಬೇಕಾದರೆ ಘಟಾಕಾಶವನ್ನು ತೋರಿಸುತ್ತಾನೆ. ಹೀಗೆ ಬಹುಕಾಲ ದೃಷ್ಟಾಂತವಾಗಿ ದುಡಿದ ಘಟವು ತಾನೇ ಗುಣದೋಷವಿಮರ್ಶೆಗೆ ವಿಷಯವಾದುದು ಅಪೂರ್ವ. ಕಾವ್ಯಕ್ಕೆ ಲಕ್ಷಣವನ್ನು ಹೇಳಿದವರು ಹಲವರು. ಕುಂಭಕ್ಕೆ ಲಕ್ಷಣವನ್ನು ಹೇಳುವ ಕೆಲಸವನ್ನು ಸಂತೆಯಲ್ಲಿ ಅದನ್ನು ಬೆರಳಿನಿಂದ ತಟ್ಟಿ ನೋಡುವ ಗೃಹಿಣಿಗೇ ಬಿಟ್ಟುಕೊಟ್ಟಂತಿದೆ. ಆದರೆ ಕುಂಭಕಲೆಯಲ್ಲಿ ಈಗ ಒಂದು ಪ್ರಶ್ನೆಯು ಎದ್ದಿದೆ. ಅದು ಅಲಂಕಾರಶಾಸ್ತ್ರವನ್ನು ಬಲ್ಲವರ ವಿಚಾರಕ್ಕೆ ಯೋಗ್ಯವಾದುದು. ಮಾತ್ರವಲ್ಲ, ಆ ಶಾಸ್ತ್ರದ ನೆರವಿಲ್ಲದೆ ಸುಲಭವಾಗಿ ತೀರದಂಥದು.

ಪ್ರಶ್ನೆಯಿದು. ಪಿಂಗಾಣಿ ಮೊದಲಾದ ಪಾತ್ರೆಗಳ ಮೇಲೆ ಗಾಜಿನಂಥ ಒಂದು ಮೆರುಗನ್ನು ಕೊಟ್ಟು ಸುಡುವ ಪದ್ಧತಿಯುಂಟು. ಕೆಲವು ಪಾತ್ರೆಗಳಲ್ಲಿ ಈ ಮೆರುಗು ಜೇಡನ ಬಲೆಯ ಹಾಗೆ ಎಳೆ ಎಳೆಯಾಗಿ ಒಡೆದಿರುತ್ತದೆ. ಒಳಗಿನ ಮಣ್ಣಿನ ಒಡಲು ಒಡೆದಿರುವುದಿಲ್ಲ. ಒಡೆದಿರುವುದು ಮೇಲಿನ ಹೊದಿಕೆ ಮಾತ್ರ. ಇದನ್ನು ಇಲ್ಲಿ ಜಾಲಬಿರುಕು ಎಂದು ಕರೆಯಬಹುದು. ಕಾರ್ಖಾನೆಯ ಪರೀಕ್ಷಕನು ಇದನ್ನು ಕಂಡೊಡನೆ ಪಾತ್ರೆಯನ್ನು ಬದಿಗಿಡುತ್ತಾನೆ. ಕಲಾಶಾಲೆಯ ರಸಿಕನು ಇದನ್ನೇ ಕಂಡು ತಲೆದೂಗುತ್ತಾನೆ. ಒಂದೇ ವಸ್ತುವಿನಲ್ಲಿ ಒಬ್ಬನಿಗೆ ದೋಷವಾದುದು ಇನ್ನೊಬ್ಬನಿಗೆ ಅಲಂಕಾರವಾದರೆ, ಅವರಲ್ಲಿ ಒಬ್ಬನು ತಪ್ಪಿರಬೇಕು. ಇಲ್ಲವೆ ದೋಷಾಲಂಕಾರಗಳ ಭೇದವೇ ಅಲೀಕವಾಗಿರಬೇಕು. ಇಲ್ಲವೆ ಇಬ್ಬರ ಮಾತಿಗೂ ವಿಷಯವ್ಯವಸ್ಥೆಯಿರಬೇಕು. ಈ ಮೂರರಲ್ಲಿ ಯಾವುದು ಯುಕ್ತವೆಂಬುದೇ ವಿಚಾರ್ಯ.

ಈ ವಿಚಾರಕ್ಕೆ ಚಾಮರಾಜನಗರ ಗುಂಡ್ಲುಪೇಟೆಗಳ ಸೀಮೆಯನ್ನು ನೆಲೆಯಾಗಿ ಹಿಡಿಯುವುದು ಅನುಚಿತವಲ್ಲ. ಹಿಂದೆ ಅರಿಕುಠಾರವೆಂದು ಕರೆಯಲ್ಪಡುತ್ತಿದ್ದು, ೧೮೧೮ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರಿಂದ ಅವರ ತಂದೆಯ ಹೆಸರನ್ನು ಪಡೆದ ಈ ಊರೂ, ಅದರ ಪಡುವಣ ಗುಂಡ್ಲುಪೇಟೆಯೂ ಮಲೆಗಳ ಮರೆಯಲ್ಲಿರುವುದರಿಂದ ಮಳೆ ಕಡಮೆಯಾದ ಪ್ರದೇಶಗಳು. ಕೆಂಪು ನೆಲವೂ ಎರೆಯ ನೆಲವೂ ಇಲ್ಲಿ ಅಕ್ಕಪಕ್ಕದಲ್ಲಿವೆ. ಬೇಸಗೆಯಲ್ಲಿ ಕೆರೆಯ ನೀರು ಇಂಗಿದ ಮೇಲೆ ಅಂಗಳದ ಕೆಸರು ಒಣಗಿ ಹಲ್ಲೆ ಹಲ್ಲೆಯಾಗಿ ಬಿರಿಯುವುದನ್ನು ಈ ಸೀಮೆಯ ಮಕ್ಕಳೂ ಬಲ್ಲರು. ಮೇಲಿನ ಪದರವು ಒಣಗಿ ಕುಗ್ಗಲೆಳಸುತ್ತದೆ; ಕೆಳಗಿನ ತೇವದ ಪದರವು ಅಷ್ಟು ಕುಗ್ಗದೆ ಅದನ್ನು ಹಿಡಿದಿರುತ್ತದೆ; ಈ ಎಳೆದಾಟದಲ್ಲಿ ಮೇಲಿನದು ಸೀಳುತ್ತದೆ. ಮೊದಲು ಉದ್ದನೆಯ ಬಿರುಕುಗಳು ಹುಟ್ಟಿ, ಅನಂತರ ಹುಟ್ಟಿದ ಚಿಕ್ಕವು ಅವಕ್ಕೆ ಅಡ್ಡಲಾಗಿ ಬಂದು ಸೇರಿ ನಿಲ್ಲುತ್ತವೆ. ಪಾತ್ರೆಯ ಮೆರುಗಿನಲ್ಲಿ ನಡೆಯುವುದೂ ಬಹುಮಟ್ಟಿಗೆ ಇದೇ ವ್ಯಾಪಾರ. ಕೆರೆಯಂಗಳದಲ್ಲಿ ನೀರಿನ ನಷ್ಟದಿಂದ ಆಗುವ ಸಂಕೋಚವು ಪಾತ್ರೆಯಲ್ಲಿ ಶಾಖದ ನಷ್ಟದಿಂದ ಆಗುತ್ತದೆಂಬುದಷ್ಟೇ ಭೇದ.

ಈ ಸೀಮೆಯ ಕುಂಬಾರರ ಪರಂಪರೆಯ ಮಡಕೆಗಳಿಗೆ ಗಾಜಿನ ಮೆರುಗಿಲ್ಲ. ಕೆರೆಯ ಜೇಡಿಮಣ್ಣಿಗೆ ಮರಳನ್ನೋ ಬೂದಿಯನ್ನೋ ಹದವರಿತು ಬೆರಸಿ, ತಿಗರಿಯ ಮೇಲೆ ಎತ್ತಿ, ಹಲಗೆಯಿಂದ ತಟ್ಟಿ, ಕೆಮ್ಮಣ್ಣನ್ನು ಬಳಿದು ಉಜ್ಜಿ, ಆವಗೆಯಲ್ಲಿ ಸುಡುವುದು ಕ್ರಮ. ಇಲ್ಲಿ ಬಿರುಕೆಂದರೆ ಒಡಲಿನ ಬಿರುಕೇ. ಅದು ಕಣ್ಣಿಗೆ ಬೀಳುವ ಮೊದಲು ಕಿವಿಗೆ ಬೀಳುತ್ತದೆ. ಬಲಿತ ಮಡಕೆಯು ಕಂಚಿನಂತೆ ನುಡಿಯುತ್ತದೆ. ಸೀಳಿದುದು ಬೊದ್ದೆಂದು ನುಡಿಯುತ್ತದೆ. ಹರಿಹರನು ಕುಂಬಾರ ಗುಂಡಯ್ಯನ ಮೇಲೆ ಒಂದು ರಗಳೆಯನ್ನೇ ರಚಿಸಿ, ಆ ಶರಣನು ಬಾರಿಸಿದ ಮಡಕೆಯ ನಾದಕ್ಕೆ ಶಿವನು ಮನಸೋತು ನರ್ತಿಸಿದನೆಂದು ವರ್ಣಿಸಿದುದು ಪ್ರಸಿದ್ಧವಾಗಿದೆ. ಶಿವನನ್ನು ಕುಣಿಸಿದ ಆ ಮಡಕೆಯು ಅಖಂಡವಾದುದೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ಕಲಶಸ್ಥಾಪನೆಗೆ ಒಡಕು ಕುಂಭವು ಸಲ್ಲದು. ಮದುವೆಗೆ ಕುಂಬಾರರ ಮನೆಯಿಂದ ತರುವ ಸುಣ್ಣ ಕೆಮ್ಮಣ್ಣುಗಳ ಚಿತ್ತಾರದ ಗಡಿಗೆಗಳಲ್ಲಿ ಕೂದಲೆಳೆಯ ಸೀಳನ್ನೂ ಹಿರಿಯರು ಒಪ್ಪರು. ಮಹಾಭಾರತದ ಅನುಶಾಸನಪರ್ವದಲ್ಲಿ ಒಡೆದ ಪಾತ್ರೆಯು ಮನೆಯಲ್ಲಿರುವುದು ಅಪ್ರಶಸ್ತವೆಂದು ಎಣಿಸಲ್ಪಟ್ಟಿದೆ. ಇಂಥ ಸಂಸ್ಕಾರವುಳ್ಳ ಜನರ ಮುಂದೆ ಒಡಕನ್ನೇ ಒಡವೆಯೆಂದು ತಂದಿಟ್ಟರೆ ಅವರು ಬೆರಗಾಗುವುದು ಸಹಜ. ಆ ಬೆರಗನ್ನು ಅರಸಿಕತೆಯೆಂದು ತಳ್ಳಿಹಾಕುವುದು ವಿಮರ್ಶೆಯಾಗಲಾರದು.

ಮೊದಲು ಕಾರಣವಿಚಾರವನ್ನು ಮಾಡಬೇಕು. ಕಾರಣವನ್ನರಿಯದೆ ಗುಣದೋಷಗಳನ್ನು ಹೇಳುವುದು ವ್ಯಾಧಿಯ ನಿದಾನವನ್ನರಿಯದೆ ಚಿಕಿತ್ಸೆ ಮಾಡಿದಂತೆ.

ಆವಗೆಯ ಉರಿಯಲ್ಲಿ ಮೆರುಗು ಕರಗಿ ಒಡಲಿಗೆ ಅಂಟಿಕೊಳ್ಳುತ್ತದೆ. ಆಗ ಅದು ದ್ರವಪ್ರಾಯವಾದುದರಿಂದ ಒಡಲು ಹೇಗೆ ಕುಗ್ಗಿದರೂ ಹೊಂದಿಕೊಳ್ಳುತ್ತದೆ. ಉರಿ ಇಳಿದು ಮೆರುಗು ಗಟ್ಟಿಯಾದ ಮೇಲೆ ಎರಡೂ ಕೂಡಿಯೇ ಕುಗ್ಗಬೇಕು. ಆ ಘಟ್ಟದಿಂದ ಮುಂದೆ ಮೆರುಗು ಒಡಲಿಗಿಂತ ಹೆಚ್ಚು ಕುಗ್ಗುವ ಸ್ವಭಾವದ್ದಾಗಿದ್ದರೆ, ಚಿಕ್ಕದಾದ ಅಂಗಿಯನ್ನು ಬಲವಂತವಾಗಿ ತೊಡಿಸಿದಂತೆ ಅದು ಬಿಗಿದು ಸೀಳುತ್ತದೆ. ಮೆರುಗು ಒಡಲಿಗಿಂತ ತುಸು ಕಡಮೆ ಕುಗ್ಗುವುದಾದರೆ ಒಡಲು ಅದನ್ನು ಸುತ್ತಲಿಂದ ಒತ್ತಿ ಹಿಡಿಯುತ್ತದೆ. ಗಾಜು ಒತ್ತಡವನ್ನು ಚೆನ್ನಾಗಿ ತಾಳುತ್ತದೆ, ಎಳೆತವನ್ನು ತಾಳಲಾರದು; ಆದುದರಿಂದ ಹಾಗೆ ಒತ್ತಿ ಹಿಡಿಯಲ್ಪಟ್ಟ ಮೆರುಗು ತಾನೂ ಉಳಿದು ಪಾತ್ರೆಯ ಬಲವನ್ನೂ ಹೆಚ್ಚಿಸುತ್ತದೆ. ಒತ್ತಡವು ಅತಿಯಾದರೆ ಮೆರುಗು ಅಂಚುಗಳಲ್ಲಿ ಚಕ್ಕೆಯೆದ್ದು ಉದುರುವುದೂ ಉಂಟು.

ಯಾವ ದ್ರವ್ಯದಿಂದ ಈ ಸ್ವಭಾವವು ಬರುತ್ತದೆಂಬುದೂ ತಿಳಿದಿದೆ. ಮೆರುಗಿನಲ್ಲಿ ಸೋಡ ಪೊಟ್ಯಾಷ್ ಎಂಬ ಕ್ಷಾರಗಳು ಹೆಚ್ಚಾದರೆ ಸಂಕೋಚವು ಹೆಚ್ಚುತ್ತದೆ. ಸಿಲಿಕವನ್ನು, ಇಲ್ಲವೆ ಬಿಳಿಗಾರದ ಸತ್ತ್ವವಾದ ಬೋರಾನನ್ನು ಮಿತವಾಗಿ ಕೂಡಿಸಿದರೆ ಕಡಮೆಯಾಗುತ್ತದೆ. ಒಡಲಿಗೆ ಬೆಣಚುಕಲ್ಲಿನ ಪುಡಿಯನ್ನು ಸೇರಿಸಿದರೆ ಫಲವು ವಿಪರೀತ. ಬೆಣಚು ಆರುವಾಗ ೫೭೩ ಡಿಗ್ರಿ ಸೆಂಟಿಗ್ರೇಡಿನ ಬಳಿ ಒಮ್ಮೆಲೆ ಕುಗ್ಗುವುದರಿಂದ ಒಡಲೇ ಹೆಚ್ಚು ಕುಗ್ಗಿ ಮೆರುಗನ್ನು ಒತ್ತಿ ಹಿಡಿಯುತ್ತದೆ. ಜಯಪುರದ ನೀಲಿ ಪಾತ್ರೆಗಳ ಒಡಲು ಬಹುಪಾಲು ಬೆಣಚಿನ ಪುಡಿಯೇ ಆಗಿದ್ದು, ಅವುಗಳ ಮೆರುಗು ಸುಲಭವಾಗಿ ಬಿರಿಯದೆಂಬ ಹೆಸರನ್ನು ಪಡೆದಿರುವುದು ಇದಕ್ಕೆ ಅನುಕೂಲವಾದ ನಿದರ್ಶನ.

ಇನ್ನೊಂದು ಕಾರಣವು ಗೂಢವಾದುದು. ಮೆದುವಾಗಿ ಸುಟ್ಟ ಒಡಲಿನಲ್ಲಿ ಸೂಕ್ಷ್ಮರಂಧ್ರಗಳಿರುತ್ತವೆ. ಅದು ಗಾಳಿಯ ತೇವವನ್ನು ತಿಂಗಳುಗಟ್ಟಲೆ, ವರುಷಗಟ್ಟಲೆ ಹೀರುತ್ತ ಕಣ್ಣಿಗೆ ಕಾಣದಷ್ಟು ಹಿಗ್ಗುತ್ತದೆ. ಮೆರುಗು ಹಾಗೆ ಹಿಗ್ಗದು. ಆವಗೆಯಿಂದ ಅಖಂಡವಾಗಿ ಹೊರಬಂದ ಪಾತ್ರೆಯು ಕಪಾಟಿನಲ್ಲಿದ್ದ ಹಾಗೆಯೇ ಒಂದು ದಿನ ಟಿಣ್ಣೆಂಬ ಸಣ್ಣ ದನಿಯೊಡನೆ ಬಿರಿಯುವುದು ಈ ಕಾರಣದಿಂದ. ಹಳ್ಳಿಯ ತೆರೆದ ಆವಗೆಗಳಲ್ಲಿ ಉರಿಯು ಸಾಮಾನ್ಯವಾಗಿ ೭೦೦ರಿಂದ ೯೦೦ ಡಿಗ್ರಿಗಳ ನಡುವೆ ಇರುತ್ತದೆ. ಅದರಲ್ಲಿ ಬೆಂದ ಒಡಲು ರಂಧ್ರಮಯವೇ. ಅಂಥ ಒಡಲಿಗೆ ಮೆರುಗು ಕೊಟ್ಟರೆ ಜಾಲಬಿರುಕು ಕರೆಯದೆ ಬರುವ ಅತಿಥಿ. ಅದನ್ನು ತರುವುದಕ್ಕಿಂತ ತಡೆಯುವುದೇ ಇಲ್ಲಿ ಕಷ್ಟ. ಈ ಅಂಶವು ಮುಂದಿನ ನಿರ್ಣಯಕ್ಕೆ ಬೇಕಾಗುತ್ತದೆ.

ಈಗ ಪೂರ್ವಪಕ್ಷಗಳು. ಮೊದಲನೆಯದು: ಜಾಲಬಿರುಕು ಸರ್ವಥಾ ದೋಷವೇ. ದಂಡಿಯು ಕಾವ್ಯಾದರ್ಶದಲ್ಲಿ, ದೋಷವು ಅಲ್ಪವಾದರೂ ಉಪೇಕ್ಷೆಗೆ ಅರ್ಹವಲ್ಲ, ಸುಂದರವಾದ ಶರೀರವೂ ಒಂದೇ ಒಂದು ತೊನ್ನಿನ ಮಚ್ಚೆಯಿಂದ ಕೆಡುತ್ತದೆ ಎಂದಿದ್ದಾನೆ. ಒಂದು ಮಚ್ಚೆಗೇ ಹೀಗಾದರೆ ಮೈತುಂಬ ಸೀಳಿದ ಪಾತ್ರೆಯ ಮಾತೇನು? ಇದಕ್ಕೆ ಒಬ್ಬ ತಾರ್ಕಿಕನು ಅಡ್ಡಿಮಾಡಬಹುದು: ಕಪಾಲಗಳ ಸಂಯೋಗವು ಅಳಿದರೆ ಘಟನಾಶ; ಇಲ್ಲಿ ಕಪಾಲಗಳು ಕೂಡಿಯೇ ಇವೆ; ಆಗಿರುವುದು ಲೇಪಭಂಗ ಮಾತ್ರ; ಆದುದರಿಂದ ಘಟಕ್ಕೆ ಹಾನಿಯಿಲ್ಲ ಎಂದು. ಈ ಸಮಾಧಾನವು ನಿಲ್ಲದು. ಎಳೆತದಲ್ಲಿದ್ದು ಸೀಳಿದ ಮೆರುಗು ಪಾತ್ರೆಯ ಬಲವನ್ನೇ ಕುಂದಿಸುತ್ತದೆಂಬುದು ಪರೀಕ್ಷೆಗಳಿಂದ ಸಿದ್ಧವಾಗಿದೆ. ಮೇಲಾಗಿ ರಂಧ್ರಮಯವಾದ ಒಡಲಿಗೆ ಮೆರುಗನ್ನು ಕೊಡುವ ಪ್ರಯೋಜನವೇ ದ್ರವವು ಇಳಿಯದಿರಲೆಂದು. ಸೀಳಿನ ಮೂಲಕ ಹಾಲೂ ಹುಳಿಯೂ ಎಣ್ಣೆಯೂ ಒಳಗಿಳಿದು ನಿಂತರೆ ತೊಳೆದರೂ ಹೋಗವು. ಅಲ್ಲಿ ಕೊಳೆಯುವ ಅನ್ನಶೇಷವು ಆರೋಗ್ಯಕ್ಕೆ ಅಪಾಯಕರ. ಮೆರುಗಿನಲ್ಲಿ ಸೀಸವಿದ್ದರಂತೂ ಹುಳಿಯ ಪದಾರ್ಥಕ್ಕೆ ಆ ಪಾತ್ರೆಯು ಯಾವ ಸ್ಥಿತಿಯಲ್ಲಿಯೂ ಸಲ್ಲದು.

ಈ ಪಕ್ಷಕ್ಕೆ ಬಲವಾದ ಸಾಕ್ಷಿಯು ಈ ಸೀಮೆಯ ಉತ್ತರದ ಗಡಿಯಲ್ಲಿಯೇ ಇದೆ. ಕೊಳ್ಳೇಗಾಲದ ಮಗ್ಗುಲಲ್ಲಿ ಕಾವೇರಿಯು ಎರಡಾಗಿ ಒಡೆದು ಧುಮುಕುವ ಶಿವನಸಮುದ್ರದಿಂದ ೧೯೦೨ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೆ ಸುಮಾರು ೯೨ ಮೈಲಿಗಳ ದೂರ ವಿದ್ಯುತ್ತು ಹರಿಯಿತು. ಇಂಥ ತಂತಿಗಳನ್ನು ಕಂಬಗಳ ಮೇಲೆ ಹೊತ್ತು ನಿಲ್ಲುವುವು ಪಿಂಗಾಣಿಯ ಇನ್ಸುಲೇಟರುಗಳು. ಅವುಗಳ ಮೆರುಗು ಸೀಳಿದರೆ ಬಲವು ಕುಂದುತ್ತದೆ, ಧೂಳು ತೇವಗಳು ನಿಲ್ಲುತ್ತವೆ, ವಿದ್ಯುತ್ತು ದಾರಿ ತಪ್ಪುತ್ತದೆ. ಮೈಸೂರು ಸಂಸ್ಥಾನದ ಸರ್ಕಾರವು ೧೯೩೦ರ ದಶಕದಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಪಿಂಗಾಣಿ ಕಾರ್ಖಾನೆಯು ೧೯೭೬ರಲ್ಲಿ ಭಾರತ್ ಹೆವಿ ಎಲೆಕ್ಟ್ರಿಕಲ್ಸ್ ಸಂಸ್ಥೆಗೆ ಸೇರಿತು. ಅಲ್ಲಿ ತಯಾರಾದಂಥ ಇನ್ಸುಲೇಟರುಗಳಲ್ಲಿ ಮೆರುಗು ಒಡಲಿಗಿಂತ ಕಡಮೆ ಕುಗ್ಗುವಂತೆ ದ್ರವ್ಯಗಳನ್ನು ಕೂಡಿಸುವುದೇ ಶಾಸ್ತ್ರ. ಒಂದು ಕಂಬದ ಮೇಲಿನ ಒಂದು ಸೀಳಿನಿಂದ ಊರಿಗೆ ಊರೇ ಕತ್ತಲೆಯಾಗಬಹುದಾದರೆ ಅದನ್ನು ಅಲಂಕಾರವೆಂದು ಕರೆಯುವ ಧೈರ್ಯವು ಯಾರಿಗೆ ಬಂದೀತು?

ಎರಡನೆಯ ಪೂರ್ವಪಕ್ಷ: ಜಾಲಬಿರುಕು ಸ್ವಭಾವದಿಂದಲೇ ಸುಂದರ. ಇದನ್ನು ಹೇಳುವವರು ಚೀನಜಪಾನುಗಳನ್ನು ಸಾಕ್ಷಿಯಾಗಿ ಕರೆಯುತ್ತಾರೆ. ಚೀನದ ದಕ್ಷಿಣ ಸೋಂಗ್ ವಂಶದ ಅರಸರ ಕಾಲದಲ್ಲಿ (೧೧೨೭–೧೨೭೯) ಹಾಂಗ್‌ಚೌ ರಾಜಧಾನಿಯ ಆವಗೆಗಳಲ್ಲಿ ಅರಮನೆಗಾಗಿ ಮಾಡಿದ ‘ಗ್ವಾನ್’ ಪಾತ್ರೆಗಳಲ್ಲಿ ಒಡಲು ಕಬ್ಬಿಣದ ಅಂಶದಿಂದ ಕಪ್ಪಾಗಿಯೂ ತೆಳುವಾಗಿಯೂ ಇದ್ದು, ಮೆರುಗು ಪದರ ಪದರವಾಗಿ ಬಳಿದು ದಪ್ಪವಾಗಿಯೂ ಪಚ್ಚೆಬೂದಿಯ ಬಣ್ಣವಾಗಿಯೂ ಇದೆ. ಆ ಮೆರುಗಿನ ಆಳದಲ್ಲಿ ಬಿರುಕುಗಳು ಹಬ್ಬಿವೆ. ‘ಗೆ’ ಎಂಬ ಹೆಸರಿನ ಪಾತ್ರೆಗಳ ಕಾಲದೇಶಗಳ ವಿಷಯದಲ್ಲಿ ವಿದ್ವಾಂಸರಿಗೆ ಏಕಮತ್ಯವಿಲ್ಲವಾದರೂ, ಅವುಗಳಲ್ಲಿ ಕಪ್ಪಾದ ಹಿರಿಯ ಬಿರುಕುಗಳ ನಡುವೆ ಹೊಂಬಣ್ಣದ ಕಿರಿಯ ಬಿರುಕುಗಳು ನೆಯ್ದುಕೊಂಡಿರುವುದನ್ನು ಚೀನೀಯರು ಚಿನ್ನದ ದಾರ, ಕಬ್ಬಿಣದ ತಂತಿ ಎಂದು ಕರೆದು ಕೊಂಡಾಡಿದ್ದಾರೆ. ಜಪಾನಿನ ಹಾಗಿ ಎಂಬ ಊರಿನ ಚಹದ ಬಟ್ಟಲುಗಳಲ್ಲಿ ಬಳಸಿದ ಹಾಗೆಲ್ಲ ಚಹವು ಬಿರುಕುಗಳೊಳಗೆ ಇಳಿದು ಬಟ್ಟಲಿನ ಬಣ್ಣವೇ ಬದಲಾಗುತ್ತದೆ. ಬಟ್ಟಲು ಏಳು ಬಾರಿ ರೂಪಾಂತರ ಹೊಂದುತ್ತದೆಂದು ಅಲ್ಲಿಯ ರಸಿಕರು ಅದಕ್ಕೆ ಬೆಲೆಕಟ್ಟುತ್ತಾರೆ. ಇಷ್ಟು ದೊಡ್ಡ ನಾಗರಿಕತೆಗಳು ಮೆಚ್ಚಿದುದನ್ನು ದೋಷವೆನ್ನುವುದು ಕೂಪಮಂಡೂಕತ್ವವಲ್ಲವೆ ಎಂದು ಈ ಪಕ್ಷದವರ ಆಕ್ಷೇಪ.

ಈ ಆಕ್ಷೇಪದಲ್ಲಿ ಸತ್ಯಾಂಶವುಂಟು. ಆದರೆ ಸಾಕ್ಷಿಗಳನ್ನು ಪೂರ್ತಿಯಾಗಿ ಕೇಳಬೇಕು. ಜಾಲಬಿರುಕನ್ನು ಹೀಗೆ ಮೆಚ್ಚಿದ ಚೀನೀಯರೇ ಚಿಂಗ್‌ತೆಚೆನ್ನಿನ ಬಿಳಿಯ ಪಿಂಗಾಣಿಯಲ್ಲಿ ಬಿರುಕಿಲ್ಲದ ಮೆರುಗನ್ನೂ ಸಾಧಿಸಿದವರು. ಒಂದೆಡೆ ಬೇಡವಾದುದನ್ನು ಇನ್ನೊಂದೆಡೆ ಬೇಕೆಂದು ತಂದವರ ಅಭಿರುಚಿಯನ್ನು ಬಿರುಕೆಲ್ಲವೂ ಚೆಲುವು ಎಂಬ ಮಾತಿಗೆ ಸಾಕ್ಷಿಯಾಗಿ ಎಳೆಯುವುದು ಅನ್ಯಾಯ. ಕರ್ಣಾಟಕದಲ್ಲಿಯೇ ಬೀದರಿನ ಮಹಮೂದ್ ಗವಾನನ ಮದರಸವನ್ನು ನೋಡಬಹುದು. ೧೪೭೨ರಲ್ಲಿ ಮುಗಿದ ಆ ಕಟ್ಟಡದ ಮುಂಭಾಗದಲ್ಲಿ ಅಳಿದುಳಿದ ಮೆರುಗಿನ ಬಿಲ್ಲೆಗಳ ನೀಲಿ ಹಸುರು ಬಿಳುಪುಗಳಿಗೆ ಇಂದಿಗೂ ಕಣ್ಣು ತಣಿಯುತ್ತದೆ. ಅಲ್ಲಿಯ ರಚನಕಾರನು ಬಯಸಿದುದು ಅವಿಚ್ಛಿನ್ನವಾದ ವರ್ಣವನ್ನು, ಅದರ ಮೇಲೆ ಕಡೆದಂತಿರುವ ಲಿಪಿಯನ್ನು. ಅಂಥ ಬಿಲ್ಲೆಯಲ್ಲಿ ಸೀಳು ಕಂಡರೆ ಅದು ಅಕ್ಷರದ ರೇಖೆಯೊಡನೆ ಹೋರಾಡುವ ಅನ್ಯರೇಖೆ. ಕಾಲವು ಮಾಡಿದ ಗಾಯ. ಆದುದರಿಂದ ಎರಡನೆಯ ಪಕ್ಷವೂ ಅತಿವ್ಯಾಪ್ತವಾಯಿತು.

ಸಿದ್ಧಾಂತವನ್ನು ಹೇಳಲು ಭಾಮಹನೂ ಆನಂದವರ್ಧನನೂ ದಾರಿ ತೋರಿಸುತ್ತಾರೆ. ಭಾಮಹನು ದೋಷಗಳನ್ನು ಹೇಳಿದವನೇ ಆದರೂ, ಸನ್ನಿವೇಶವಿಶೇಷದಿಂದ ಕೆಟ್ಟ ನುಡಿಯೂ ಹೂಮಾಲೆಯ ನಡುವೆ ಕಟ್ಟಿದ ಎಲೆಯಂತೆ ಶೋಭಿಸಬಹುದೆಂದೂ, ಆಶ್ರಯದ ಸೌಂದರ್ಯದಿಂದ ಮಲಿನವಾದ ಕಾಡಿಗೆಯು ಕಾಂತೆಯ ಕಣ್ಣಿನಲ್ಲಿ ಚೆಲುವಾಗುವುದೆಂದೂ ಒಪ್ಪಿದ್ದಾನೆ. ಅದೇ ಕಾಡಿಗೆ ಕೆನ್ನೆಗೆ ಮೆತ್ತಿದರೆ ಯಾರೂ ಅಲಂಕಾರವೆನ್ನರು. ಆನಂದವರ್ಧನನು ಧ್ವನ್ಯಾಲೋಕದಲ್ಲಿ ಇದಕ್ಕೆ ಶಾಸ್ತ್ರರೂಪವನ್ನು ಕೊಟ್ಟಿದ್ದಾನೆ: ಶ್ರುತಿದುಷ್ಟ ಮೊದಲಾದ ದೋಷಗಳು ಅನಿತ್ಯಗಳು, ಶೃಂಗಾರದಲ್ಲಿ ಅವು ತ್ಯಾಜ್ಯ, ರೌದ್ರಾದಿಗಳಲ್ಲಿ ಹಾಗಲ್ಲ. ಎಂದರೆ ದೋಷಗಳಲ್ಲಿ ನಿತ್ಯ ಅನಿತ್ಯ ಎಂಬ ವಿಭಾಗವುಂಟು. ಒಡಲಿನ ಬಿರುಕು ಕುಂಭಕ್ಕೆ ನಿತ್ಯದೋಷ; ನೀರು ನಿಲ್ಲದ ಕೊಡವು ಯಾವ ರಸದಲ್ಲಿಯೂ ಕೊಡವಾಗದು. ಮೆರುಗಿನ ಬಿರುಕು ಅನಿತ್ಯದೋಷ. ಅದು ಗುಣವಾಗಬಹುದು, ಆದರೆ ಮೂರು ನಿಯಮಗಳಿಗೆ ಒಳಪಟ್ಟು.

ಮೊದಲನೆಯದು ವಿವಕ್ಷೆ. ಕರ್ತೃವು ಅದನ್ನು ಬಯಸಿರಬೇಕು. ಬಯಸಿದುದಕ್ಕೆ ಗುರುತು ಪಾತ್ರೆಯಲ್ಲಿಯೇ ಇರಬೇಕು. ಚೀನದ ಕುಂಬಾರನು ಮೆರುಗನ್ನು ಪದರ ಪದರವಾಗಿ ದಪ್ಪಗೊಳಿಸಿದುದು, ಮೊದಲು ಹುಟ್ಟಿದ ಹಿರಿಯ ಬಿರುಕುಗಳಿಗೆ ಮಸಿಯಂಥ ಬಣ್ಣವನ್ನು ಉಣಿಸಿದುದು, ಕಾಲಕ್ರಮದಲ್ಲಿ ಹುಟ್ಟಿದ ಕಿರಿಯವಕ್ಕೆ ಬೇರೆ ಬಣ್ಣವು ಬಂದುದು, ಇವುಗಳಿಂದ ಬಿರುಕಿನ ಎರಡು ತಲೆಮಾರುಗಳನ್ನು ಕಣ್ಣು ಬೇರೆ ಬೇರೆಯಾಗಿ ಓದುತ್ತದೆ. ಇದು ಬಯಕೆಯ ಗುರುತು. ಎರಡನೆಯದು ನಿಯಮನ. ಬಯಸಿದವನು ಬಯಸಿದಾಗ ಅದನ್ನು ತರಲೂ ಬೇಡವಾದಾಗ ತಡೆಯಲೂ ಬಲ್ಲವನಾಗಿರಬೇಕು. ಕ್ಷಾರವನ್ನು ಹೆಚ್ಚಿಸಿ ಬಲೆಯ ಕಣ್ಣುಗಳನ್ನು ಕಿರಿದಾಗಿಸುವುದು, ಸಿಲಿಕವನ್ನು ಕೂಡಿಸಿ ಹಿರಿದಾಗಿಸುವುದು ಅಥವಾ ಇಲ್ಲವಾಗಿಸುವುದು, ಮೆರುಗಿನ ದಪ್ಪವನ್ನು ಏರಿಳಿಸುವುದು, ಇವು ಕೈವಶವಾದವನು ಮಾತ್ರ ಇದರ ಕರ್ತೃ. ಉಳಿದವನು ಸಾಕ್ಷಿ. ಮೂರನೆಯದು ಔಚಿತ್ಯ. ಅನೌಚಿತ್ಯಕ್ಕಿಂತ ರಸಭಂಗಕ್ಕೆ ಬೇರೆ ಕಾರಣವಿಲ್ಲವೆಂದು ಆನಂದವರ್ಧನನು ಹೇಳಿದನು. ಕ್ಷೇಮೇಂದ್ರನು ಅದರ ಮೇಲೆ ಗ್ರಂಥವನ್ನೇ ಬರೆದನು. ಬಿಗಿಯಾಗಿ ಬೆಂದು ನೀರನ್ನು ಹೀರದ ಒಡಲುಳ್ಳ ಹೂದಾನಿ, ದೀಪದ ಕಂಬ, ಗೋಡೆಯ ಫಲಕ ಇವುಗಳಲ್ಲಿ ಜಾಲಬಿರುಕು ಉಚಿತ. ಮೊಸರಿನ ಕುಡಿಕೆ, ಉಪ್ಪಿನಕಾಯಿಯ ಜಾಡಿ, ಮಗುವಿನ ಹಾಲಿನ ಬಟ್ಟಲು ಇವುಗಳಲ್ಲಿ ಅನುಚಿತ.

ಹಾಗಾದರೆ ಹಾಗಿಯ ಚಹದ ಬಟ್ಟಲು ಅನುಚಿತವೆ? ಅದು ಪಾನಪಾತ್ರೆಯೇ ಅಲ್ಲವೆ? ಇದಕ್ಕೆ ಸಮಾಧಾನ: ಆ ಬಟ್ಟಲಿಗೆ ಒಂದು ಆಚಾರವು ಜೊತೆಗಿದೆ. ಅದರಲ್ಲಿ ಬೀಳುವುದು ಬಿಸಿನೀರೂ ಚಹವೂ ಮಾತ್ರ. ಬಳಸಿದೊಡನೆ ತೊಳೆದು ಚೆನ್ನಾಗಿ ಒಣಗಿಸುವುದು ಅದರ ವ್ರತ. ಒಡೆಯನು ಅದರ ಬದಲಾವಣೆಯನ್ನು ವರುಷಗಳ ಕಾಲ ನೋಡುತ್ತ ಕಾಯುತ್ತಾನೆ. ಆ ಆಚಾರವನ್ನು ಅಲ್ಲಿಯೇ ಬಿಟ್ಟು ಬಟ್ಟಲನ್ನು ಮಾತ್ರ ಇಲ್ಲಿಗೆ ತಂದು ಅದರಲ್ಲಿ ಹುಳಿಯನ್ನವನ್ನು ಕಲಸಿದರೆ, ಉಳಿಯುವುದು ಕಲೆಯಲ್ಲ, ಕರೆ.

ಈ ನಿಯಮಗಳು ಪರದೇಶದ ಪಾತ್ರೆಗಳಿಗೆ ಮಾತ್ರ ಹೊಂದುವುವೆಂದು ಶಂಕಿಸಬೇಕಾಗಿಲ್ಲ. ದಕ್ಷಿಣಾಪಥದ ಬೃಹತ್‌ಶಿಲಾ ಸಮಾಧಿಗಳಲ್ಲಿ ದೊರೆಯುವ ಕಪ್ಪು ಕೆಂಪು ಪಾತ್ರೆಗಳು ಪುರಾತತ್ತ್ವಜ್ಞರಿಗೆ ಸುಪರಿಚಿತ. ೧೯೪೭ರಲ್ಲಿ ಮಾರ್ಟಿಮರ್ ವ್ಹೀಲರನು ಚಿತ್ರದುರ್ಗದ ಸೀಮೆಯ ಬ್ರಹ್ಮಗಿರಿಯಲ್ಲಿ ಅಗೆಯಿಸಿದಾಗ ಇವುಗಳ ಕಾಲಕ್ರಮಕ್ಕೆ ಒಂದು ನೆಲೆಯು ದೊರೆಯಿತು. ಒಳಮೈಯೂ ಬಾಯಂಚೂ ಕಪ್ಪು, ಹೊರಮೈ ಕೆಂಪು. ಮೈಯೆಲ್ಲ ಉಜ್ಜಿ ಹೊಳಪಿಸಿದ್ದು. ಇಂಥ ಅನೇಕ ಪಾತ್ರೆಗಳ ಹೊಳಪಿನ ಮೇಲೆ ನವುರಾದ ಬಿರುಕಿನ ಜಾಲವು ಕಾಣುತ್ತದೆ. ಇದನ್ನು ಕಂಡ ಕೆಲವರು ಉಪ್ಪಿನ ಮೆರುಗೆಂದು ಊಹಿಸಿದರು. ಆದರೆ ಉಪ್ಪಿನ ಮೆರುಗು ಹಿಡಿಯಬೇಕಾದರೆ ೧೧೦೦ ಡಿಗ್ರಿಗಳಿಗೂ ಮೀರಿದ ಉರಿ ಬೇಕು; ಈ ಪಾತ್ರೆಗಳು ಅಷ್ಟು ಬೆಂದವಲ್ಲ. ಆದುದರಿಂದ ಇದನ್ನು ನುಣ್ಣನೆಯ ಮಣ್ಣಿನ ಲೇಪವು ಒಡಲಿಗಿಂತ ಹೆಚ್ಚು ಕುಗ್ಗಿ ಸೀಳಿದುದೆಂದು ತಿಳಿಯುವುದೇ ಯುಕ್ತತರ. ಈ ಜಾಲವನ್ನು ಮುಂದಿಟ್ಟು, ಕರ್ಣಾಟಕದ ಕುಂಬಾರನು ಚೀನೀಯನಿಗಿಂತ ಸಾವಿರ ವರುಷ ಮೊದಲೇ ಬಿರುಕಿನ ಅಲಂಕಾರವನ್ನು ಕಂಡನೆಂದು ಹೆಮ್ಮೆಪಡಲು ಮನಸ್ಸು ಎಳಸುತ್ತದೆ. ಆದರೆ ನಿಯಮಗಳನ್ನು ತನ್ನವರಿಗೆ ಸಡಿಲಿಸಿ ಅನ್ಯರಿಗೆ ಬಿಗಿಯುವುದು ಪಕ್ಷಪಾತ. ಆ ಬಿರುಕಿಗೆ ಬಣ್ಣವನ್ನು ಉಣಿಸಿಲ್ಲ. ಅದನ್ನು ಒಂದೆಡೆ ತಂದು ಒಂದೆಡೆ ತಡೆದ ಗುರುತಿಲ್ಲ. ಆ ಪಾತ್ರೆಗಳ ಕರ್ತೃವು ಬಯಸಿದುದು ಹೊಳಪನ್ನು, ಕಪ್ಪು ಕೆಂಪುಗಳ ವಿಭಾಗವನ್ನು. ಅವನ ಪ್ರೌಢಿಮೆಯು ಅಲ್ಲಿದೆ. ಬಿರುಕು ಅವನ ಹೊಳಪಿನ ಅನುಚರ. ಅದು ಇಂದಿನ ಕಣ್ಣಿಗೆ ಇಂಪಾಗಿದ್ದರೆ ಆಗಲಿ. ಅವನ ಹೆಸರಿಗೆ ಅದನ್ನು ಬರೆಯಲಾಗದು.

ಈ ನಿರ್ಣಯದಿಂದ ಚಾಮರಾಜನಗರದಂಥ ಸೀಮೆಗೆ ಏನು ಪ್ರಯೋಜನವೆಂದರೆ, ಬಹಳವಿದೆ. ಲೋಹದ ಪಾತ್ರೆಗಳೂ ಪ್ಲಾಸ್ಟಿಕ್ಕೂ ಮನೆಮನೆಯನ್ನು ಹೊಕ್ಕ ಮೇಲೆ ಮಡಕೆಯ ಬೇಡಿಕೆಯು ತಗ್ಗಿ, ಕುಂಬಾರಿಕೆಯನ್ನು ಉಳಿಸಬೇಕೆನ್ನುವವರು ಅಲಂಕಾರದ ಪಾತ್ರೆಗಳ ಕಡೆಗೆ ಬೆರಳು ತೋರಿಸುತ್ತಾರೆ. ಮೆರುಗಿನ ವಿದ್ಯೆಯನ್ನು ಕಲಿಸುವ ಸಂಸ್ಥೆಗಳು ಕರ್ಣಾಟಕದಲ್ಲಿಯೂ ಉಂಟು. ಬೆಳಗಾವಿಯ ಸೀಮೆಯ ಖಾನಾಪುರವು ಇದಕ್ಕೆ ಹೆಸರಾದುದು. ಮೆರುಗನ್ನು ಹೊಸದಾಗಿ ಕಲಿತವನು ಹಳ್ಳಿಯ ಮಣ್ಣಿನ ಮೇಲೆ ಅದನ್ನು ಪ್ರಯೋಗಿಸಿದಾಗ, ಮೇಲೆ ಹೇಳಿದ ಕಾರಣದಿಂದ, ಮೊದಲು ಕಾಣುವುದು ಜಾಲಬಿರುಕೇ. ಆ ಹೊತ್ತಿನಲ್ಲಿ ಅವನ ಪಕ್ಕದಲ್ಲಿ ನಿಂತ ರಸಿಕನು, ಇದು ಚೀನದ ಅರಸರು ಮೆಚ್ಚಿದ ಅಲಂಕಾರ, ಹೀಗೆಯೇ ಇರಲಿ ಎಂದುಬಿಟ್ಟರೆ ಆ ಕುಂಬಾರನ ವಿದ್ಯಾಭ್ಯಾಸವು ಅಲ್ಲಿಗೆ ಮುಗಿಯಿತು. ಅವನು ತಡೆಯಲು ಕಲಿಯುವುದಿಲ್ಲ. ತಡೆಯಲು ಕಲಿಯದವನು ತರಲು ಕಲಿತನೆಂಬುದು ವ್ಯರ್ಥವಚನ. ಅವನು ಮಾಡಿದ ಉಪ್ಪಿನಕಾಯಿಯ ಜಾಡಿಯು ಎಣ್ಣೆಯೊಸರಿ ಹಿಂದಿರುಗಿದ ದಿನ ಆ ರಸಿಕನು ಅಲ್ಲಿರುವುದಿಲ್ಲ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂಬ ಗಾದೆಯಲ್ಲಿ ದೊಣ್ಣೆಯೆಂದರೆ ಮರದ ದೊಣ್ಣೆಯೇ ಆಗಬೇಕಾಗಿಲ್ಲ. ಅಕಾಲದ ಹೊಗಳಿಕೆಯೂ ದೊಣ್ಣೆಯೇ.

ಕವಿರಾಜಮಾರ್ಗಕಾರನು ತನ್ನ ಗ್ರಂಥದ ಮೊದಲನೆಯ ಪರಿಚ್ಛೇದವನ್ನೇ ದೋಷಾದೋಷಗಳ ನಿರ್ಣಯಕ್ಕೆ ಮೀಸಲಿಟ್ಟು, ಅಲಂಕಾರಗಳ ಮಾತನ್ನು ಅನಂತರದ ಪರಿಚ್ಛೇದಗಳಲ್ಲಿ ಎತ್ತಿದ್ದಾನೆ. ಈ ಕ್ರಮದಲ್ಲಿಯೇ ಒಂದು ಉಪದೇಶವಿದೆ. ಕಣ್ಣು ತನ್ನ ಕಾಡಿಗೆಯನ್ನು ತಾನು ಕಾಣಲಾರದಂತೆ ಕರ್ತೃವು ತನ್ನ ದೋಷವನ್ನು ತಾನು ಕಾಣಲಾರನೆಂದೂ ಅವನು ಎಚ್ಚರಿಸಿದ್ದಾನೆ. ಭಾಮಹನ ಕಾಡಿಗೆಯೂ ಇವನ ಕಾಡಿಗೆಯೂ ಒಂದೇ ಕಣ್ಣಿನಲ್ಲಿವೆ. ಅದು ಅಲ್ಲಿ ಚೆಲುವಾಗಿದೆಯೆ ಎಂಬುದನ್ನು ಎದುರಿಗಿರುವವನು ಹೇಳಬೇಕು. ಎದುರಿಗಿರುವವನು ಪ್ರೀತಿಯಿಂದಲೂ ನಿಷ್ಠುರವಾಗಿಯೂ ಹೇಳಬೇಕು. ವಿಮರ್ಶಕನ ಕೆಲಸವು ಇಷ್ಟೇ.

ಆದುದರಿಂದ ಜಾಲಬಿರುಕುಳ್ಳ ಪಾತ್ರೆಯನ್ನು ಪರೀಕ್ಷಿಸುವವನು ಕ್ರಮವಾಗಿ ಕೇಳಬೇಕಾದುದು: ಒಡಲು ಬಿಗಿಯಾಗಿ ನುಡಿಯುತ್ತದೆಯೆ? ಒಂದು ರಾತ್ರಿ ನೀರು ತುಂಬಿಟ್ಟರೆ ತಳವು ತೇವವಾಗದಿದೆಯೆ? ಅದೇ ಕೈಯಿಂದ ಅದೇ ಮಣ್ಣಿನ ಮೇಲೆ ಬಿರುಕಿಲ್ಲದ ಮೆರುಗೂ ಬಂದಿದೆಯೆ? ಪಾತ್ರೆಯು ಯಾವ ಬಳಕೆಗೆ ಹುಟ್ಟಿದೆ? ಈ ನಾಲ್ಕಕ್ಕೂ ತಕ್ಕ ಉತ್ತರ ದೊರೆತ ಮೇಲೆ ಬಲೆಯ ಅಂದವನ್ನು ನೋಡಲಿ, ಮನದಣಿಯೆ ಮೆಚ್ಚಲಿ. ಮೂರನೆಯ ಪ್ರಶ್ನೆಗೆ ಇಲ್ಲವೆಂಬ ಉತ್ತರ ಬಂದರೆ ಕುಂಬಾರನನ್ನು ನಿಂದಿಸಬೇಕಾಗಿಲ್ಲ. ಇನ್ನೊಂದು ಆವಗೆಯನ್ನು ಹಾಕೆಂದು ಹೇಳಿ ಅದಕ್ಕೆ ಬೇಕಾದ ಸೌದೆಯ ಹಣವನ್ನು ಕೊಟ್ಟರೆ ಸಾಕು.